ಹಿತ್ತಿಲಲ್ಲಿ ಕಟ್ಟಿದ ಜೀಪು

ಢಂ!

ಲಷ್ಕರ್ ಮೊಹಲ್ಲಾದ ಆ ಓಣಿ ಒಮ್ಮೆಲೇ ಬೆಚ್ಚಿಬಿತ್ತು. ಗೋಡೆಯಾಚೆಯಿಂದ ಕಪ್ಪು ಹೊಗೆ ಮೇಲೆದ್ದಿತು. ಅದರ ಹಿಂದೆಯೇ ಸಾವಿರ ತಗಡು ಒಟ್ಟಿಗೆ ಬಡಿದಂಥ ಸದ್ದು...

ಆಗಷ್ಟೇ ಜಟಕಾಗೆ ಕಟ್ಟಿದ್ದ ಗೌರಿ ಮುಂಗಾಲೆತ್ತಿ ಕೆನೆಯಿತು. ಮರುಕ್ಷಣ ಓಣಿಯುದ್ದಕ್ಕೂ ದೌಡು!

"ಗೌರೀ... ನಿಲ್ಲೇ! ನಿಂತ್ಕೊಳ್ಳೇ!"

ಕಡಿವಾಣ ಹಿಡಿದಿದ್ದ ಶಿವನಂಜಮ್ಮ ಅದನ್ನು ಬಿಡಲಿಲ್ಲ. ಕುದುರೆಯ ಜೊತೆ ಓಡಿದಳು, ಎಡವಿದಳು, ಮತ್ತೆ ಓಡಿದಳು. ಸೊಪ್ಪಿನವಳ ಬುಟ್ಟಿ ಮಗುಚಿತು. ಜನ ಜಗಲಿಗಳ ಮೇಲೆ ಹಾರಿ ನಿಂತರು.

ಅಷ್ಟರಲ್ಲಿ ಯಾರೋ ಗೋಡೆ ಹಾರಿ ಬಂದು ಗಾಡಿಯ ಮೂಕಿಗೆ ಜೋತುಬಿದ್ದರು. ಇಬ್ಬರೂ ಜಗ್ಗಿದಾಗ ಗೌರಿ ಏದುಸಿರು ಬಿಡುತ್ತಾ ನಿಂತಿತು.

ಶಿವನಂಜಮ್ಮ ತಲೆಯೆತ್ತಿ ನೋಡಿದಳು. ಮುಖವೆಲ್ಲ ಎಣ್ಣೆ ಮಸಿ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ಗಾಬರಿ.

"ನಿಮಗೇನೂ ಆಗ್ಲಿಲ್ವಲ್ಲ?"

"ಆಗೋದೇನು ಬಾಕಿ ಇದೆ? ಅದೇನು ಮನೇನೋ ಮದ್ದಿನ ಕಾರ್ಖಾನೆಯೋ? ನಮ್ಮ ಗೌರಿ ಕಾಲು ಮುರಿದಿದ್ರೆ ಏನ್ ಮಾಡ್ತಿದ್ರಿ?"

"ತಪ್ಪಾಯ್ತು... ಇಂಜಿನ್ ಇವತ್ತೇ ಮೊದಲು ಶುರುವಾಗಿದ್ದು. ಖುಷೀಲಿ ಕುದುರೆ ವಿಷಯ ಮರೆತುಬುಟ್ಟೆ."

"ನಿಮ್ಮ ಖುಷಿಗೆ ಬೆಂಕಿ ಬೀಳ!"

ಹಾಗೆಂದು ಬೈದವಳು ಗೌರಿಯ ಕುತ್ತಿಗೆ ನೇವರಿಸುತ್ತಾ ಹೊರಟಳು. ಓಣಿಯ ತಿರುವಿನಲ್ಲಿ ಮಾತ್ರ, ಯಾಕೋ, ಒಮ್ಮೆ ಹಿಂತಿರುಗಿ ನೋಡಿದಳು. ಆತ ಮೊಣಕಾಲೂರಿ ಚೆಲ್ಲಿದ ಸೊಪ್ಪನ್ನು ಒಂದೊಂದೇ ಕಟ್ಟಾಗಿ ಬುಟ್ಟಿಗೆ ತುಂಬುತ್ತಿದ್ದ. ಅವನ ಕೈಮಸಿಯಿಂದ ಇನ್ನಷ್ಟು ಹಾಳಾಗುತ್ತಿದ್ದ ಸೊಪ್ಪನ್ನು ಕಂಡು ಸೊಪ್ಪಿನವಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ಶಿವನಂಜಮ್ಮನಿಗೆ ನಗು ತಡೆಯಲಾಗಲಿಲ್ಲ.

*

ರಾಜ್ಯವೆಲ್ಲ ಒಂದಾದ ಮರುವರ್ಷದ ಮಾತು ಅದು. ಮೈಸೂರಿನ ಬೀದಿಗಳಲ್ಲಿ ಇನ್ನೂ ಜಟಕಾಗಳದ್ದೇ ಕಾರುಬಾರು. ಬೆಳಗಾದರೆ ಗೊರಸಿನ ಸದ್ದು, ಹುರುಳಿ ಬೇಯಿಸುವ ವಾಸನೆ, ಹಿತ್ತಿಲ ಗೋಡೆಯ ಮೇಲಿಂದ ಕಾಣುವ ಚಾಮುಂಡಿ ಬೆಟ್ಟ... ಆ ಕಾಲವೇ ಹಾಗಿತ್ತು. ಬೇರೆ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಶಿವನಂಜಮ್ಮ ಮನೆಯವರಿಗೆ ಶಿವಿ. ಅವಳ ತಂದೆ ನಂಜಯ್ಯ ಜಟಕಾ ಹೊಡೆಯುತ್ತಿದ್ದರು. ಬೆಟ್ಟದ ಹಿಂದಿನ ಹಳ್ಳಿಯಿಂದ ಬಂದು ಊರು ಸೇರಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಮತ್ತು ಗೌರಿ, ಇವರಿಬ್ಬರೇ ಅವರ ಸಂಸಾರ. ಮೋಟಾರ್ ಅಂದರೆ ಸಾಕು, ಅವರಿಗೆ ಮೈಯೆಲ್ಲ ಉರಿ. ಸಂತೆಗೆ, ಮದುವೆಗೆ, ತವರಿಗೆ ಅವರ ಗಾಡಿ ಹತ್ತುತ್ತಿದ್ದ ಜನ ಈಗ ಬಸ್ಸಿಗೆ ಕಾಯುತ್ತಿದ್ದರು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದವನು ಮಹದೇವು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಾಯಿ ಬೋರಮ್ಮನ ಜೊತೆ ಇದ್ದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಸಾಕಿದ್ದ ಜೀಪೊಂದರ ಅಸ್ಥಿಪಂಜರ ಅವನ ಹಿತ್ತಿಲಿನಲ್ಲಿ ನಿಂತಿತ್ತು. ಬಿಡುವಾದಾಗಲೆಲ್ಲ ಗೆಳೆಯರಿಬ್ಬರು ಬರುತ್ತಿದ್ದರು. ಒಬ್ಬ ಕುಲುಮೆ ಕೆಲಸದ ಚಿಕ್ಕಣ್ಣ. ಇನ್ನೊಬ್ಬ ವೆಂಕಟಸುಬ್ಬಯ್ಯ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ, ದಪ್ಪ ಕನ್ನಡಕದವನು. ಇಂಗ್ಲಿಷ್ ಪುಸ್ತಕ ಓದಿ ಹೇಳುವುದು ಅವನ ಪಾಲು, ಬಡಿದು ಬಗ್ಗಿಸುವುದು ಚಿಕ್ಕಣ್ಣನ ಪಾಲು.

ಊರಿನ ಕೆಲವು ಮೋಟಾರ್ ಶೋಕಿಯವರು ದಸರಾ ಮುಗಿದ ಮೇಲೆ ಒಂದು ಓಟ ಏರ್ಪಡಿಸಿದ್ದರು. ರಸ್ತೆಯ ಮೇಲಲ್ಲ! ಬೆಟ್ಟವನ್ನು ಬಳಸಿ, ಕಲ್ಲು, ಹಳ್ಳ, ಗದ್ದೆ ಬದು ದಾಟುವ ಓಟ. ಅದಕ್ಕಾಗಿಯೇ ಈ ಜೀಪು.

ಆ ಗಲಾಟೆಯ ಮರುದಿನ ಬೆಳಿಗ್ಗೆ ಮಹದೇವು ಶಿವಿಯ ಮನೆಯ ಮುಂದೆ ನಿಂತಿದ್ದ. ಮುಖ ತೊಳೆದಿದ್ದ. ಮಸಿಯ ಕೆಳಗೆ ಇಂಥ ಮುಖ ಇತ್ತೇ ಎಂದು ಶಿವಿಗೆ ಅಚ್ಚರಿ!

"ಗೌರಿ ಮನೇಲಿಲ್ಲದ ಹೊತ್ತು ಹೇಳಿ. ಆಗ ಮಾತ್ರ ಇಂಜಿನ್ ಶುರು ಮಾಡ್ತೀನಿ."

ಶಿವಿ ಒಂದು ಕ್ಷಣ ಯೋಚಿಸಿದಳು.

"ಬೇಡ. ನಾಳೆ ಬೀದೀಲಿ ಇನ್ನೊಂದು ಮೋಟಾರ್ ಬಂದ್ರೂ ಅದು ಹೆದರುತ್ತೆ. ಅದಕ್ಕೇ ಅಭ್ಯಾಸ ಮಾಡಿಸ್ಬೇಕು. ನಾನೇ ಕರ್ಕೊಂಡು ಬರ್ತೀನಿ. ನೀವು ಬೆಲ್ಲ ಇಟ್ಕೊಂಡಿರಿ."

"ಬೆಲ್ಲ... ಕುದುರೆಗಾ?"

"ಮತ್ತೆ ನನಗಾ?"

ಅಂದಿನಿಂದ ದಿನಾ ಮಧ್ಯಾಹ್ನ ನಂಜಯ್ಯ ಊಟ ಮಾಡಿ ಮಲಗಿದ ಮೇಲೆ ಶಿವಿ ಗೌರಿಯನ್ನು ಆ ಹಿತ್ತಿಲಿಗೆ ಕರೆದೊಯ್ಯತೊಡಗಿದಳು. ಪಾಳಿ ಮುಗಿಸಿ ಬಂದ ಮಹದೇವು ಕಾಯುತ್ತಿದ್ದ. ಮೊದಲು ಇಂಜಿನ್ನಿನ ಸದ್ದು ದೂರದಿಂದ. ಆಮೇಲೆ ಹತ್ತಿರದಿಂದ. ಕೊನೆಗೆ ಗೌರಿ ಬಾನೆಟ್ಟಿನ ಮೇಲೇ ಮೂತಿಯಿಟ್ಟು ಬೆಲ್ಲ ಹುಡುಕುವಷ್ಟು ಸಲಿಗೆ ಬೆಳೆಯಿತು.

ಅಷ್ಟರಲ್ಲಿ ಶಿವಿಗೂ ಆ ಜೀಪಿನ ಜೊತೆ ಸಲಿಗೆ ಬೆಳೆದಿತ್ತು.

"ಇದೇನ್ರೀ, ಕೂರೋದಕ್ಕೆ ಬರೀ ಹಲಗೆ ಇಟ್ಟಿದ್ದೀರಾ? ಹಳ್ಳ ದಿಣ್ಣೆಯಲ್ಲಿ ಸೊಂಟ ಉಳಿಯುತ್ತಾ?" ಎಂದವಳು ಜಟಕಾ ಮೆತ್ತೆ ಹೊಲಿಯುವ ರೀತಿಯಲ್ಲೇ ನಾರು ತುಂಬಿ ಎರಡು ಸೀಟು ಹೊಲಿದುಕೊಟ್ಟಳು. ಕುದುರೆಯ ಹಳೆಯ ತೊಗಲು ಪಟ್ಟಿಯಿಂದ ಬಾನೆಟ್ ಬಿಗಿಯುವುದನ್ನು ತೋರಿಸಿದಳು.

"ನೋಡೋ ಚಿಕ್ಕಣ್ಣ," ಎಂದು ವೆಂಕಟಸುಬ್ಬಯ್ಯ ಕನ್ನಡಕ ಒರೆಸಿಕೊಂಡ, "ಇದು ನನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ!"

ಬೋರಮ್ಮ ಎಲ್ಲರಿಗೂ ಕಾಫಿ ತರುತ್ತಿದ್ದರು. ಶಿವಿಯ ಲೋಟಕ್ಕೆ ಮಾತ್ರ ಒಂದಿಷ್ಟು ಹೆಚ್ಚೇ ಹಾಲು.

ಒಂದು ಮಧ್ಯಾಹ್ನ ಹೊಲಿಯುವಾಗ ದಬ್ಬಳ ಜಾರಿ ಶಿವಿಯ ಬೆರಳಿಗೆ ಚುಚ್ಚಿತು. ಮಹದೇವು ಥಟ್ಟನೆ ಅವಳ ಕೈ ಹಿಡಿದ. ಹಿಡಿದ ಮೇಲೆ ಬಿಡುವುದು ಹೇಗೆಂದು ಅವನಿಗೆ ತೋಚಲಿಲ್ಲ. ಬಿಡಿಸಿಕೊಳ್ಳುವುದು ಹೇಗೆಂದು ಅವಳಿಗೂ...

"ನೋವಾಯ್ತಾ?"

"ಇಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು. ಅದು ನೋವಿನದಲ್ಲವೆಂದು ಅವಳಿಗೆ ಮಾತ್ರ ಗೊತ್ತು.

ಆ ಮಧ್ಯಾಹ್ನಗಳು! ಇಂದಿಗೂ ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಶಿವನಂಜಮ್ಮನಿಗೆ ಆ ಹಿತ್ತಿಲು, ಸೀಬೆ ಮರದ ನೆರಳು, ಗೆಳೆಯರ ನಗು ನೆನಪಾಗುತ್ತವೆ.

*

ಆದರೆ ಒಂದು ದಿನ ಗೌರಿಯನ್ನು ಹಿಡಿದು ಹೋದಾಗ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಬಡಿದಳು. ಒಳಗೆ ಸುತ್ತಿಗೆಯ ಸದ್ದು ನಿಂತಿತು. ಬಾಗಿಲು ಅರ್ಧ ತೆರೆಯಿತು. ಮಹದೇವು ನೆಲ ನೋಡುತ್ತಾ ನಿಂತಿದ್ದ.

"ನಿಮ್ಮ ಕೆಲಸ ಮುಗೀತು. ಗೌರಿಗೂ ಅಭ್ಯಾಸ ಆಯ್ತಲ್ಲ. ನಿಮ್ಮ ಉಪಕಾರ ಮರೆಯಲ್ಲ."

"ಅಂದ್ರೆ?"

"ಇನ್ಮೇಲೆ ನೀವು ಬರೋದು ಬೇಡ."

ಬಾಗಿಲು ಮುಚ್ಚಿತು.

'ಸೀಟು ಹೊಲಿಸಿಕೊಳ್ಳೋವರೆಗೆ ಬೇಕಿತ್ತು... ಈಗ ಬೇಡವಾದೆ. ಅಷ್ಟೇನಾ?' ಗೌರಿಯ ಕುತ್ತಿಗೆಗೆ ಮುಖವಿಟ್ಟು ಶಿವಿ ಅತ್ತಳು. ಗೋಡೆಯಾಚೆ ಸುತ್ತಿಗೆಯ ಸದ್ದು ಆ ದಿನ ಮತ್ತೆ ಕೇಳಿಸಲೇ ಇಲ್ಲ. ಅದನ್ನು ಗಮನಿಸುವಷ್ಟು ಸಮಾಧಾನ ಅವಳಿಗಿರಲಿಲ್ಲ.

*

ಓಟದ ಭಾನುವಾರ ಬೆಟ್ಟದ ತಪ್ಪಲಿನಲ್ಲಿ ಜಾತ್ರೆಯಂತೆ ಜನ. ಜನ ಸೇರಿದ ಕಡೆ ಜಟಕಾಗೂ ಗಿರಾಕಿ. ನಂಜಯ್ಯ ಗೊಣಗುತ್ತಲೇ ಗಾಡಿ ತಂದಿದ್ದರು. "ನಾನೂ ಬರ್ತೀನಪ್ಪ, ಓಟ ಮುಗಿದ ಮೇಲೆ ಅಜ್ಜಿ ಊರಿಗೆ ಹೋಗಿ ಬರೋಣ," ಎಂದು ಶಿವಿಯೂ ಹತ್ತಿ ಕೂತಿದ್ದಳು. ಓಟ ನೋಡುವ ಆಸೆಯೇನೂ ಇಲ್ಲವೆಂದು ತನಗೇ ಹೇಳಿಕೊಂಡಿದ್ದಳು.

ಕಣ್ಣು ಮಾತ್ರ ಸಾಲಿನಲ್ಲಿ ನಿಂತಿದ್ದ ಗಾಡಿಗಳಲ್ಲಿ ಒಂದನ್ನೇ ಹುಡುಕಿತು. ಸಿಕ್ಕಿತು. ತಾನು ಹೊಲಿದ ಸೀಟು ಸಮೇತ.

ಅಲ್ಲೇನೋ ಗದ್ದಲ. ಇಂಜಿನ್ ಶುರು ಮಾಡಲು ತಿರುಗಿಸುತ್ತಿದ್ದ ಹ್ಯಾಂಡಲ್ ಹಿಂದಕ್ಕೆ ಒದ್ದು ಚಿಕ್ಕಣ್ಣನ ಮಣಿಕಟ್ಟು ಊದಿಕೊಂಡಿತ್ತು. ಪ್ರತಿ ಗಾಡಿಯಲ್ಲೂ ಇಬ್ಬರಿರಬೇಕೆಂಬುದು ಓಟದ ಕಟ್ಟಳೆ. ದಾರಿ ನೋಡಿ ಹೇಳಬೇಕಾಗಿದ್ದವನೇ ಚಿಕ್ಕಣ್ಣ. ಆ ಕೈಯಲ್ಲಿ ಹಳ್ಳ ದಿಣ್ಣೆಯ ಗಾಡಿಯನ್ನು ಹಿಡಿದು ಕೂರುವಂತಿರಲಿಲ್ಲ.

"ಸುಬ್ಬಯ್ಯ, ನೀನು ಕೂತ್ಕೊಳ್ಳೋ," ಎಂದ ಮಹದೇವು.

"ನಾನಾ? ಬಸ್ಸಲ್ಲಿ ಕೂತ್ರೇ ನನಗೆ ವಾಂತಿ ಬರುತ್ತೆ ಕಣೋ! ಕನ್ನಡಕ ಬಿದ್ರೆ ಬೆಟ್ಟಾನೂ ಕಾಣಲ್ಲ!"

ಮೂವರೂ ಜೀಪಿನ ಮುಂದೆ ಕೂತುಬಿಟ್ಟರು. ಇಷ್ಟು ತಿಂಗಳ ಬೆವರು... ಎಲ್ಲವೂ ಒಂದು ಹ್ಯಾಂಡಲಿನ ಒದೆಗೆ ಮುಗಿದುಹೋಗುವುದೇ? ಮಹದೇವು ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಶಿವಿಗೆ ಅದನ್ನು ನೋಡಲಾಗಲಿಲ್ಲ. ಜಟಕಾದಿಂದ ಇಳಿದಳು.

"ಎಲ್ಗೆ ಓಯ್ತಿದ್ದೀಯ?" ಎಂದರು ನಂಜಯ್ಯ.

"ಬೆಟ್ಟದ ಹಿಂದಿನ ದಾರಿ ನನಗೆ ಗೊತ್ತಪ್ಪ. ಅಜ್ಜಿ ಜೊತೆ ಸೌದೆ ಹೊತ್ತು ಓಡಾಡಿದ ಜಾಗ."

"ಜನ ಏನಂದ್ಕೊಂಡಾರು ಕಣವ್ವ!"

"ಅವರು ಅಂದ್ಕೊಳ್ಲಿ. ನೀವು ಏನೂ ಅಂದ್ಕೋಬೇಡಿ."

ಜನ ದಾರಿ ಬಿಟ್ಟರು. ಯಾರೋ ಸಿಳ್ಳೆ ಹಾಕಿದರು. ಶಿವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನ ಮೇಲೆ ಕೂತು ನೇರ ಮುಂದೆ ನೋಡಿದಳು.

"ಹೊರಡಿ. ಮಾತು ಬೇಡ. ದಾರಿ ಮಾತ್ರ ಹೇಳ್ತೀನಿ."

ನಂಜಯ್ಯ ಲಗಾಮು ಬಿಗಿಹಿಡಿದು ಅವಳತ್ತಲೇ ನೋಡುತ್ತಿದ್ದರು.

ಬಾವುಟ ಬಿತ್ತು!

ಧೂಳು, ಕಲ್ಲು, ಮುಳ್ಳು... "ಎಡಕ್ಕೆ! ಆ ಹುಣಸೆ ಮರದ ಹಿಂದೆ ಗಾಡಿ ಜಾಡು ಇದೆ... ನಿಧಾನ, ಮುಂದೆ ಬಂಡೆ!" ಅವಳು ಹೇಳಿದಂತೆ ಚಕ್ರ ತಿರುಗಿತು. ಒಂದು ಗಾಡಿಯನ್ನು ಹಿಂದೆ ಹಾಕಿದರು. ಇನ್ನೊಂದು... ಮತ್ತೊಂದು! ಮುಂದೆ ಒಂದೇ ಗಾಡಿಯ ಧೂಳು ಕಾಣುತ್ತಿತ್ತು.

ಹಳ್ಳದ ದಂಡೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಆವತ್ತು ಚಿಲಕ ಯಾಕೆ ಹಾಕಿದ್ರಿ?"

"ಮಾತು ಬೇಡ ಅಂದ್ರಿ..."

"ಯಾಕೆ ಹಾಕಿದ್ರಿ?"

"ನಿಮಗೆ ನಂಜನಗೂಡಿನ ಗಂಡನ್ನ ಗೊತ್ತು ಮಾಡಿದ್ದಾರಲ್ಲ! ನೀವು ನಮ್ಮ ಹಿತ್ತಿಲಿಗೆ ಬಂದ್ರೆ ನಾಲ್ಕು ಜನ ಆಡ್ಕೊಳ್ಳಲ್ವಾ? ನಿಮ್ಮ ಮದುವೆ ನನ್ನಿಂದ ಮುರೀಬಾರ್ದು ಅಂತ..."

"ಯಾವ ಗಂಡು? ಯಾರು ಹೇಳಿದ್ದು?"

ಅವನು ತಡವರಿಸಿದ. "ನಿಮ್ಮ ಅಪ್ಪನೇ ಬಂದು ಹೇಳಿದ್ರು."

"ನನಗೆ ಯಾರನ್ನೂ ಗೊತ್ತು ಮಾಡಿಲ್ಲ! ಯಾರೂ ಇಲ್ಲ!"

ಮಹದೇವು ತಿರುಗಿ ಅವಳ ಮುಖವನ್ನೇ ನೋಡಿದ. ನೋಡುತ್ತಲೇ ಉಳಿದ. ಜೀಪು ಹಳ್ಳಕ್ಕಿಳಿಯಿತು, ಕೆಸರಿನಲ್ಲಿ ಗಾಲಿ ಹೂತು, ಗುರ್‌ಗುಟ್ಟಿ, ಸುಮ್ಮನಾಯಿತು.

ಒಂದೊಂದಾಗಿ ಗಾಡಿಗಳು ಕೆಸರು ಎರಚುತ್ತಾ ದಾಟಿಹೋದವು. ಇಬ್ಬರೂ ಅತ್ತ ನೋಡಲಿಲ್ಲ.

"ಹಾಗಾದ್ರೆ..." ಎಂದ ಮಹದೇವು. "ನಾನು ಕೇಳಬಹುದಾ?"

"ಏನನ್ನ?"

"ನಿಮ್ಮನ್ನ."

ಶಿವಿಯ ಕೆನ್ನೆಯ ಮೇಲೆ ಕೆಸರಿನ ನಡುವೆ ಒಂದು ಗೆರೆ ಇಳಿಯಿತು. ಅಳುತ್ತಲೇ ನಕ್ಕಳು.

"ಇಷ್ಟು ಜನರ ಮುಂದೆ ನಿಮ್ಮ ಗಾಡಿ ಹತ್ತಿ ಬಂದಿದ್ದೀನಿ. ಇನ್ನೂ ಕೇಳೋದು ಏನಿದೆ ಮಹದೇವು?"

*

ಗದ್ದೆಯಲ್ಲಿದ್ದ ರೈತರು ಎತ್ತು ಕಟ್ಟಿ ಜೀಪನ್ನು ಎಳೆದು ಮೇಲೆ ಹಾಕಿದರು. "ನಂಜಯ್ಯನ ಮಗಳಲ್ವೇನವ್ವ ನೀನು!" ಎಂದು ಒಬ್ಬಾಕೆ ಬಾಯಿಮೇಲೆ ಕೈಯಿಟ್ಟುಕೊಂಡಳು. ಜೀಪು ಕುಂಟುತ್ತಾ, ಹಬೆಯುಗುಳುತ್ತಾ ಕೊನೆಯದಾಗಿ ಬಂದು ತಲುಪುವಾಗ ಬಹುಮಾನ ಹಂಚಿ ಜನ ಚದುರಿದ್ದರು.

ಉಳಿದಿದ್ದವರು ಗೆಳೆಯರಿಬ್ಬರು. ಮತ್ತೆ ನಂಜಯ್ಯ.

ಶಿವಿ ನೇರ ತಂದೆಯ ಬಳಿ ಹೋದಳು.

"ಯಾಕಪ್ಪ ಸುಳ್ಳು ಹೇಳಿದ್ರಿ?"

ನಂಜಯ್ಯ ಗೌರಿಯ ಜೂಲು ಸವರಿದರು.

"ಮೋಟಾರು ಒಂದೊಂದೇ ಕಿತ್ಕೊಂತು ಕಣವ್ವ. ಗಿರಾಕಿ ಓದ್ರು. ಗಾಡಿ ಸ್ಟ್ಯಾಂಡಲ್ಲಿದ್ದ ಜೊತೆಗಾರ್ರು ಗಾಡಿ ಮಾರ್ಕೊಂಡು ಊರು ಬುಟ್ರು. ಕೊನೆಗೆ ನಿನ್ನೂ ಕರ್ಕೊಂಡೋದ್ರೆ ನಾನು ಯಾರ ಜೊತೆ ಮಾತಾಡ್ಲಿ ಅಂತ ಭಯ ಆಯ್ತು. ಇವತ್ತು ಎಲ್ಲಾ ಗಾಡಿ ಬಂದ್ವು... ನಿಮ್ಮದು ಬರ್ಲಿಲ್ಲ. ಆಗ ಅದಕ್ಕಿಂತ ದೊಡ್ಡ ಭಯ ಅಂದ್ರೇನು ಅಂತ ಗೊತ್ತಾಯ್ತು."

ಮಹದೇವು ಮುಂದೆ ಬಂದು ಅವರ ಕಾಲು ಮುಟ್ಟಿದ.

"ಎಲ್ಲಿಗೂ ಕರ್ಕೊಂಡು ಹೋಗಲ್ಲ. ನಡುವೆ ಇರೋದು ಒಂದು ಗೋಡೆ. ನೀವು ಹೂಂ ಅಂದ್ರೆ ಅದನ್ನೂ ಒಡೆದುಬುಡ್ತೀನಿ."

ನಂಜಯ್ಯ ಮೂಗು ಒರೆಸಿಕೊಂಡರು. ಹಬೆಯಾಡುತ್ತಾ ನಿಂತ ಜೀಪಿನ ಕಡೆ ಒಮ್ಮೆ ನೋಡಿದರು.

"ಗೋಡೆ ಆಮೇಲೆ ಒಡೀವಂತೆ. ಈಗ ನನ್ನ ಗಾಡಿ ಅತ್ತು. ಇದು ನಡುದಾರೀಲಿ ನಿಂತ್ಕೊಳಲ್ಲ."

ಚಿಕ್ಕಣ್ಣನೂ ವೆಂಕಟಸುಬ್ಬಯ್ಯನೂ ಜೀಪಿನ ಬಳಿ ಉಳಿದರು. ಜಟಕಾ ಊರಿನ ಕಡೆ ಹೊರಟಿತು. ಬೆಟ್ಟದ ಮೇಲೆ ಸಂಜೆಯ ಬಿಸಿಲು. ಹಿಂದೆ ಕೂತ ಇಬ್ಬರ ನಡುವೆ ಒಂದು ಗೇಣು ಜಾಗ. ಬಟ್ಟೆಯೆಲ್ಲ ಕೆಸರು.

"ಸೋತಿದ್ದಕ್ಕೆ ಬೇಜಾರಾ?" ಎಂದಳು ಶಿವಿ ಮೆಲ್ಲಗೆ.

"ನೀವು ಇಲ್ಲೇ ಕೂತಿದ್ದೀರಲ್ಲ..."

"ಇನ್ನೂ 'ನೀವು' ಅಂತಲೇ ಕರೀತೀರಾ?"

"ಮತ್ತೆ ಹೇಗೆ ಕರೀಲಿ?" ಅವನು ಅಂಜುತ್ತಾ ಮುಂದೆ ಕೂತ ನಂಜಯ್ಯನವರ ಬೆನ್ನು ನೋಡಿದ.

"ಕರೆಯಪ್ಪ, ಕರೆ," ಎಂದರು ನಂಜಯ್ಯ ತಿರುಗಿ ನೋಡದೆ. "ಗಾಡಿ ಸದ್ದಲ್ಲಿ ನಂಗೆ ಹಿಂದಿನ ಮಾತು ಕೇಳ್ಸಾಕಿಲ್ಲ."

ಶಿವಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆ ಒಂದು ಗೇಣು ಜಾಗ ಯಾವಾಗ ಇಲ್ಲವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಶಿವೀ..."

"ಹೂಂ?"

"ಏನಿಲ್ಲ. ಸುಮ್ಮನೆ ಕರೆದೆ."

"ಇನ್ನೊಂದು ಸಲ ಕರೀರಿ."