ಜವಾನ ಬಾಟ್‌ಗೆ ಬಡ್ತಿ

"ಒಂದೇ ಒಂದು ಸಲ 'ಕತ್ತೆ' ಅಂದಿದ್ದಕ್ಕೆ ಪೆನ್ಸಿಲ್ ಬಾಯಿಗೆ ಇಡೀ ದಿನ ಬೀಗ. ಆರು ಸಲ ಅಂದ ಬುಗುರಿ ಆರಾಮಾಗಿದ್ದಾನೆ. ಭೇಷ್! ಎಂಥಾ ನ್ಯಾಯ ಕಣೇ ನಿನ್ನ ಬಾಟ್‌ದು!" ಅಕ್ಕ ಟ್ಯಾಬ್ ನೋಡುತ್ತಾ ಚಪ್ಪಾಳೆ ತಟ್ಟಿದಳು.

"ಅದು ರೂಲ್ಸ್ ಪ್ರಕಾರನೇ ಮಾಡಿದೆ" ಎಂದಳು ಚೂಟಿ. ದನಿ ಅರ್ಧ ಹೊಟ್ಟೆಯೊಳಗೇ ಉಳಿಯಿತು.

ಅದು ಐದನೇ ಕ್ಲಾಸಿನವರ ಚಿತ್ರಗಳ ಗ್ರೂಪು. ಹೆಸರಿಗೆ ಅಕ್ಕನದು, ದರ್ಬಾರೆಲ್ಲ ಚೂಟಿಯದು. ಯಾರಾದರೂ ಕೆಟ್ಟ ಮಾತು ಬರೆದರೆ, ತಾನೇ ಕಾವಲು ಕಾಯುವ ಬಾಟ್ ಎಂಬ ಪ್ರೋಗ್ರಾಮು ಅದನ್ನು ಹಿಡಿದು, ಒಂದು ದಿನ ಅವರು ಏನೂ ಬರೆಯದಂತೆ ಮಾಡಬೇಕು. ಕೆಟ್ಟ ಮಾತುಗಳನ್ನು ಅದಕ್ಕೆ ಕಲಿಸಿದವಳು ಚೂಟಿಯೇ. ಆ ವಿದ್ಯೆಯಲ್ಲಿ ಅವಳಿಗೇನೂ ಕೊರತೆಯಿರಲಿಲ್ಲ.

ಸಂಜೆಯೊಳಗೆ ಕ್ಲಾಸಿನ ಗೋಡೆ ಪತ್ರಿಕೆಗೆ ಒಂದು ಚಿತ್ರ ಆರಿಸಬೇಕಿತ್ತು. ಸದಾ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದೇ ಹೆಸರು ಪಡೆದ ಹೊಸ ಹುಡುಗಿ ಬೆಳಿಗ್ಗೆ ಒಂದು ಕುದುರೆಯ ಅರ್ಧ ಚಿತ್ರ ಹಾಕಿದ್ದಳು. ಪೂರ್ತಿ ಹಾಕುವ ಮೊದಲೇ ಬೀಗ ಬಿತ್ತು.

ಗ್ರೂಪಿನಲ್ಲಿ ಪದವಿಗಳಿಗೆ ಬರವಿರಲಿಲ್ಲ. "ನಂಗೂ ಕೊಡೇ, ನಂಗೂ ಕೊಡೇ" ಎಂದು ಎಲ್ಲರೂ ಮುತ್ತಿಕೊಂಡಿದ್ದರು. ಚೂಟಿ ಮಹಾರಾಣಿ. ಚಾಕೊಲೇಟು ಕೊಟ್ಟ ಬುಗುರಿ ಸೇನಾಪತಿ. ಮಿಕ್ಕವರೆಲ್ಲ ಮಂತ್ರಿಗಳು. ಪ್ರಜೆಗಳ ಕಾಟವೇ ಇಲ್ಲದ ಸುಖೀ ರಾಜ್ಯ! ಬಾಟ್ ಚಾಕೊಲೇಟು ಕೊಡಲಿಲ್ಲ. ಚೂಟಿ ಅದನ್ನು ಪದವಿಗಳ ಪಟ್ಟಿಯಲ್ಲಿ ಎಲ್ಲರ ಕೆಳಗೆ ಎಳೆದು 'ಜವಾನ' ಎಂದು ಹೆಸರಿಟ್ಟಳು. ಜವಾನನ ಕೆಳಗಿದ್ದದ್ದು ಆಮೇಲೆ ಸೇರಿದ ಒಬ್ಬಳೇ, 'ಹೊಸಬಳು' ಪೆನ್ಸಿಲ್.

"ಬಾಟ್ ತನಗಿಂತ ಕೆಳಗಿರೋರನ್ನ ಮಾತ್ರ ಹಿಡಿಯುತ್ತೆ ಕಣೇ" ಎಂದಳು ಅಕ್ಕ. "ಜವಾನ ಹೋಗಿ ಸೇನಾಪತಿನ ಹಿಡೀತಾನಾ? ಪಾಪ, ಕೈಗೆ ಸಿಕ್ಕಿದವಳನ್ನ ಹಿಡಿದಿದೆ."

"ಹಾಗಾದ್ರೆ ಬುಗುರಿಗಿಂತ ಮೇಲೆ ಹಾಕು."

"ಮಹಾರಾಣಿಯವರಿಗಿಂತ ಮೇಲೋ, ಕೆಳಗೋ?"

"ಕೆಳಗೆ! ನಾನೇನು ಬೈತೀನಾ?"

ಅಕ್ಕ ಬೆರಳಿನಿಂದ ಬೆಳಗಿನ ಮಾತುಗಳತ್ತ ಸರಿಸಿದಳು. ಪೆನ್ಸಿಲ್ ಬರೆದದ್ದು ಕಂಡಿತು: "ನಾನಲ್ಲ, ನೀವೇ ಕತ್ತೆಗಳು." ಅದಕ್ಕೂ ಮೊದಲು ಬುಗುರಿಯ ಆರು ಕತ್ತೆಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕಿಂತ ಮೊದಲು, ಕಿರೀಟದ ಗುರುತಿನ ಪಕ್ಕದಲ್ಲಿ: "ಇದು ಕುದುರೆನಾ? ಕತ್ತೆ ತರ ಇದೆ. ಬರೆದೋಳ ಹಾಗೇ!"

ಬರೆದಾಗ ಚೂಟಿ ಬಿದ್ದು ಬಿದ್ದು ನಕ್ಕಿದ್ದಳು. ಈಗ ಕಿವಿ ಬಿಸಿಯಾಯಿತು.

"ಅದು... ತಮಾಷೆಗೆ."

"ಹೌದೌದು. ಮಹಾರಾಣಿ ಅಂದ್ರೆ ತಮಾಷೆ. ಸೇನಾಪತಿ ಅಂದ್ರೆ ಹಾಸ್ಯ. ಹೊಸಬಳು ಅಂದ್ರೆ ಅಪರಾಧ."

ಚೂಟಿ ಸೋಫಾದ ದಾರ ಕೀಳುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಮೇಲೆ ಹಾಕಕ್ಕಾ" ಎಂದಳು.

"ಯಾರ ಮೇಲೆ?"

"ನನ್ನ ಮೇಲೆ. ಪೆನ್ಸಿಲ್ ಬೀಗಾನೂ ತೆಗಿ."

ಅಕ್ಕ ಎರಡೂ ಮಾಡಿದಳು. ಗ್ರೂಪಿನಲ್ಲಿ ಗದ್ದಲವೋ ಗದ್ದಲ. "ಜವಾನ ನಮ್ಮೆಲ್ಲರಿಗಿಂತ ಮೇಲಾ? ಚೂಟಿ, ನನ್ನ ಚಾಕೊಲೇಟು ವಾಪಸ್ ಕೊಡು!" ಎಂದು ಬುಗುರಿ ಬೊಬ್ಬೆ ಹಾಕಿದ.

ಚೂಟಿ ಒಂದೊಂದೇ ಅಕ್ಷರ ಒತ್ತಿದಳು: "ಪೆನ್ಸಿಲ್, ನಿನ್ನ ಕುದುರೇನ ಮೊದಲು ಕತ್ತೆ ಅಂದಿದ್ದು ನಾನು. ತಪ್ಪಾಯ್ತು."

ಟಿಣ್! "ಮಹಾರಾಣಿ, ಕೆಟ್ಟ ಮಾತು. ಒಂದು ದಿನ ಮೌನ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಹಾರಾಣಿ! ತೆಗೆದುಬಿಡ್ಲಾ?"

ಚೂಟಿ ತುಟಿ ಕಚ್ಚಿಕೊಂಡಳು. "ಬೇಡ ಬಿಡು."

ಅಷ್ಟರಲ್ಲಿ ಪೆನ್ಸಿಲ್ ಬರೆದ ಪೂರ್ತಿ ಚಿತ್ರ ಬಂತು. ಕುದುರೆಯ ನಾಲ್ಕು ಕಾಲೂ ನೆಲ ಬಿಟ್ಟಿದ್ದವು. ಬಾಲ ಗಾಳಿಯಲ್ಲಿತ್ತು. "ಅಬ್ಬಾ!" ಎಂದು ಬುಗುರಿಯೇ ಬರೆದ.

ಚೂಟಿಗೂ ಏನೋ ಬರೆಯಲು ಬೆರಳು ತುರಿಸಿತು. ಒತ್ತಿದಳು. ಒಂದಕ್ಷರವೂ ಮೂಡಲಿಲ್ಲ. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ಮಾತಾಡುವುದನ್ನು ಸುಮ್ಮನೆ ನೋಡುತ್ತಾ ಕೂತಳು.

ಬೆಳಿಗ್ಗೆಯಿಂದ ಪೆನ್ಸಿಲ್ ಹೀಗೇ ಕೂತಿದ್ದಿರಬೇಕು.