ಗಾಜಿನ ತೊಟ್ಟಿಗೆ ಎರಡನೇ ಪೈಪು

"ಕರೆಂಟ್ ಯಾಕ ತಗದ್ರಿ?"

ಬಸಲಿಂಗವ್ವ ಅಮಸಿದ್ದಪ್ಪನಿಗೆ ಆಡಿದ ಮೊದಲ ಮಾತು ಇದೇ. ೧೯೮೪ರ ಚಳಿಗಾಲ. ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿದ್ದ ಅವಳ ತಂದೆ ರಾಚಪ್ಪನ ಖಾನಾವಳಿಯಲ್ಲಿ ಮಧ್ಯಾಹ್ನದ ಕೊನೆಯ ಪಂಕ್ತಿ ಆಗಷ್ಟೇ ಎದ್ದಿತ್ತು. ಅಡುಗೆಮನೆಯ ದೀಪ ಆರಿದ್ದು ಕಂಡು ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹಿತ್ತಲಿನ ಬೋರಿನ ಮೋಟರು ರಿಪೇರಿಗೆಂದು ಬೆಳಿಗ್ಗೆ ಬಂದಿದ್ದ ತೆಳ್ಳಗಿನ ಮೆಕ್ಯಾನಿಕ್ಕು ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

ಅವನು ಮುಂದಿನ ಕೋಣೆಯ ಕಡೆ ನೋಡಿದ. ಅವಳೂ ನೋಡಿದಳು. ನೆಲದ ತುಂಬ ನೀರು. ಆ ನೀರಿನಲ್ಲಿ ಅಪ್ಪ ಅಂಗಾತ ಬಿದ್ದಿದ್ದ.

ರಾಚಪ್ಪ ಬದುಕಿದ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, ಆ ಹುಡುಗ ಸ್ವಿಚ್ ತೆಗೆಯುವುದು ಸ್ವಲ್ಪ ತಡವಾಗಿದ್ದರೂ ಮನುಷ್ಯ ಕೈಗೆ ಸಿಗುತ್ತಿರಲಿಲ್ಲ ಎಂದರು. ಎದೆ ಸೋತಿದೆ, ಇನ್ನು ಮೇಲೆ ಗಾಬರಿಯಾಗುವಂಥ ಸುದ್ದಿ ಕಿವಿಗೆ ಬೀಳಬಾರದು ಎಂದೂ ಹೇಳಿ ಮನೆಗೆ ಕಳಿಸಿದರು.

ಎಲ್ಲಕ್ಕೂ ಕಾರಣ ಮುಂದಿನ ಕೋಣೆಯ ಮೀನಿನ ತೊಟ್ಟಿ. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ರಾಚಪ್ಪ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಆಳು ಮಲಗುವಷ್ಟು ಉದ್ದದ ದಪ್ಪ ಗಾಜು, ಕಬ್ಬಿಣದ ಸ್ಟ್ಯಾಂಡು. ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನದೇ ಒಂದು ಕಿರುಡಬ್ಬಿ. ಹೆಚ್ಚಾದ ನೀರು ಡಬ್ಬಿಯ ಅಂಚು ದಾಟಿ ಒಳಗೆ ಬಿದ್ದು, ಅಲ್ಲಿ ನಿಂತಿದ್ದ ಒಂದು ಪೈಪಿನೊಳಗೆ ಇಳಿದು, ಕೆಳಗಿನ ಸಿಮೆಂಟು ತೊಟ್ಟಿ ಸೇರುತ್ತಿತ್ತು. ಅಲ್ಲಿಂದ ಪುಟ್ಟ ಪಂಪು ಅದನ್ನು ಮತ್ತೆ ಮೇಲೆ ಕಳಿಸುತ್ತಿತ್ತು. ಆ ದಿನ ಸತ್ತ ಮೀನೊಂದು ತೇಲಿಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಇಳಿಯಲು ದಾರಿಯಿಲ್ಲ, ಪಂಪು ಮಾತ್ರ ನೀರು ತಳ್ಳುತ್ತಲೇ ಇತ್ತು. ತುಂಬಿ ಚೆಲ್ಲಿದ ನೀರು ಗೋಡೆಯ ಪ್ಲಗ್ಗಿಗೆ ಇಳಿದಾಗ, ಪಂಪು ನಿಲ್ಲಿಸಲೆಂದು ರಾಚಪ್ಪ ಬರಿಗಾಲಲ್ಲಿ ಹೋಗಿ ಕೈಯಿಟ್ಟಿದ್ದ.

ತೊಟ್ಟಿಯನ್ನು ಮಾರಿಬಿಡೋಣ ಎಂದು ಬಸಲಿಂಗವ್ವ ಕಾಲು ಹಿಡಿಯುವಷ್ಟು ಬೇಡಿಕೊಂಡಳು. ಅಪ್ಪ ಕೇಳಲಿಲ್ಲ. ಅವ್ವ ತೀರಿಕೊಂಡ ಮೇಲೆ ಊಟವಾದೊಡನೆ ಆ ಮೀನುಗಳ ಎದುರು ಕುರ್ಚಿ ಹಾಕಿಕೊಂಡು ಕೂರುವುದೇ ಅವನ ದಿನದ ಸುಖ. ಅದನ್ನೂ ಕಸಿದರೆ ಮನೆ ಭಣಗುಡುತ್ತದೆ ಎಂದ. ಅವಳು ಸುಮ್ಮನಾದಳು. ಆದರೆ ಅಂದಿನಿಂದ ಅವಳ ಕಿವಿ ಅಡುಗೆಮನೆಯಲ್ಲಿರಲಿಲ್ಲ. ಪೈಪು ನೀರು ನುಂಗುವ ಗುಳುಗುಳು ಸದ್ದು ಸ್ವಲ್ಪ ಬದಲಾದರೂ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡುತ್ತಿದ್ದಳು. ಎಷ್ಟೋ ರೊಟ್ಟಿಗಳು ಸುಟ್ಟವು.

ಅಮಸಿದ್ದಪ್ಪ ಅಪ್ಪನನ್ನು ನೋಡಲು ಬಂದವನು ಒಮ್ಮೆ ಇದನ್ನು ಕಂಡ. ಅವಳು ಓಡಿಬಂದು, ಗಾಜಿಗೆ ಕೈಯೂರಿ, ಉಸಿರು ಬಿಗಿಹಿಡಿದು ನಿಂತಿದ್ದಳು. ಹಣೆಯ ಮೇಲೆ ಹಿಟ್ಟಿನ ಗುರುತಿತ್ತು. ಅವನು ಆ ಗುರುತನ್ನೇ ನೋಡುತ್ತಿದ್ದುದು ಗಾಜಿನಲ್ಲಿ ಅವಳಿಗೆ ಕಂಡಿತು. ಅವಳು ತಿರುಗುವಷ್ಟರಲ್ಲಿ ಅವನು ಮೀನು ನೋಡತೊಡಗಿದ್ದ.

"ತಳದ ಗಾಜಿಗೆ ತೂತು ಕೊರದು ಇನ್ನೊಂದು ಪೈಪ್ ಕೂಡಿಸಿದ್ರ ಹೆಂಗ್ರಿ?" ಎಂದ ಮೀನುಗಳಿಗೆ ಹೇಳುವವನಂತೆ. "ಮೊದಲಿನದಕಿಂತ ಎತ್ತರ. ಯಾವಾಗಲೂ ಒಣಗೇ ಇರತೈತಿ. ಅದು ಕಟ್ಟಿದ್ರ ಇದು ನೀರು ತಗೋತೈತಿ."

"ಮತ್ತ ಗಾಜು ಒಡದ್ರ?"

"ಅದ ಹೆದರಿಕಿ ನನಗೂ."

ಅವನು ಸುಳ್ಳು ಧೈರ್ಯ ಹೇಳಲಿಲ್ಲವೆಂದೇ ಅವಳು ಒಪ್ಪಿದಳು.

ಮೀನುಗಳು ಹಂಡೆ ಸೇರಿದವು. ಬರಿದಾದ ತೊಟ್ಟಿಯೊಳಗೆ ಅವನು ಮೊಣಕಾಲೂರಿ ಕುಳಿತ. ತಳದ ಗಾಜಿನ ಮೇಲೆ ಮಣ್ಣಿನ ಪುಟ್ಟ ಕಟ್ಟೆ ಕಟ್ಟಿ, ಅದರಲ್ಲಿ ನೀರು, ಗಾಜು ಸವೆಸುವ ಸಾಣೆಪುಡಿ ಹಾಕಿ, ತಾಮ್ರದ ಕೊಳವೆಯನ್ನು ಎರಡೂ ಅಂಗೈಗಳ ನಡುವೆ ತಿರುವತೊಡಗಿದ. ಸ್ಟ್ಯಾಂಡಿನ ಕೆಳಗೆ ಅವಳು ಟಾರ್ಚು ಹಿಡಿದು ಕುಳಿತಳು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೂಗಬೇಕು, ಅಷ್ಟೇ ಅವಳ ಕೆಲಸ. ಹಳೆಯ ಗಾಜಿನ ತುಂಬ ಗೀರುಗಳಿದ್ದವು. ಪ್ರತಿ ಗೀರೂ ಅವಳಿಗೆ ಬಿರುಕಿನಂತೆ ಕಂಡಿತು. ಒಮ್ಮೆ ಎಲ್ಲೋ 'ಟಿಣ್' ಎಂದಿತು. ಅವನ ಕೈ ನಿಂತಿತು. ದಪ್ಪ ಗಾಜಿನ ಎರಡು ಬದಿಗಳಿಂದ ಇಬ್ಬರೂ ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಉಸಿರಾಡದೆ ಉಳಿದರು. ಕಿಟಕಿಯ ಬಿಸಿಲಿಗೆ ಕಾದಿದ್ದ ಕಬ್ಬಿಣದ ಸ್ಟ್ಯಾಂಡು ತಣಿದ ಸದ್ದು ಅದು. ಅವಳಿಗೆ ನಗು ಬಂತು, ಅವನಿಗೂ ಬಂತು. ಆಮೇಲೆ ಟಾರ್ಚು ಗಾಜನ್ನು ಬಿಟ್ಟು ಆಗಾಗ ಅವನ ಮುಖದ ಮೇಲೆ ಹೋಗುತ್ತಿತ್ತು.

"ಬೆಳಕ ಕಣ್ಣಾಗ ಬೀಳಾಕತ್ತೈತ್ರಿ," ಎಂದ ಅವನು.

ಅವಳು ಟಾರ್ಚನ್ನು ಮತ್ತೆ ಗಾಜಿನ ಕಡೆ ತಿರುಗಿಸಿದಳು.

ದಿನಕ್ಕಿಷ್ಟು ಎಂದು ಕೆಲಸ ಸಾಗಿತು. ಗಾಜು ಒಡೆಯಲಿಲ್ಲ. ಹೊಸ ತೂತಿಗೆ ನೀರು ಸೋರದಂತೆ ರಬ್ಬರು ವಾಷರಿಟ್ಟು ಪೈಪು ನಿಲ್ಲಿಸಿದ. ಮೀನು ಡಬ್ಬಿಯೊಳಗೆ ಬೀಳದಂತೆ ಅಂಚಿಗೆ ಜಾಳಿಗೆ ಹಾಕಿದ. ಪ್ಲಗ್ಗನ್ನು ಕಿತ್ತು ನೀರು ತಾಗದಷ್ಟು ಎತ್ತರಕ್ಕೆ ಒಯ್ದ. ಉಳಿದದ್ದು ಪರೀಕ್ಷೆ. ಮೊದಲಿನ ಪೈಪಿಗೆ ಬೇಕೆಂದೇ ಅರಿವೆ ತುರುಕಿ, ನೀರು ಏರಲು ಬಿಟ್ಟು ನೋಡಬೇಕು.

ಆ ದಿನ ಅಪ್ಪ ಬನಶಂಕರಿಗೆ ಹೋಗಿದ್ದ. ಬಸಲಿಂಗವ್ವ ಮರದ ಮಣೆಯ ಮೇಲೆ ನಿಂತು ಮೇನ್ ಸ್ವಿಚ್ಚಿಗೆ ಕೈಯಿಟ್ಟಳು. ತಡೆಯಲಾಗದಷ್ಟು ಹೆದರಿಕೆಯಾದರೆ ಬಂದ್ ಮಾಡಿಬಿಡಬಹುದು, ತಾನೇನೂ ಅನ್ನುವುದಿಲ್ಲ ಎಂದಿದ್ದ ಅವನು. ಪಂಪು ಗುಂಯ್‌ಗುಟ್ಟಿತು. ಡಬ್ಬಿ ತುಂಬಿತು. ಡಬ್ಬಿಯ ನೀರು, ತೊಟ್ಟಿಯ ನೀರು ಒಂದೇ ಮಟ್ಟವಾಗಿ ಕೂಡಿ ಮೇಲೇರತೊಡಗಿದವು. ಅಪ್ಪ ಬಿದ್ದಿದ್ದ ಜಾಗ ಕಣ್ಣಿಗೆ ಬೀಳದಂತೆ ಅವಳು ಅಮಸಿದ್ದಪ್ಪನ ಬೆನ್ನನ್ನೇ ನೋಡಿದಳು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ನಿಮಗೇನಾತು? ಇಷ್ಟ್ಯಾಕ ಬೆವತೀರಿ?"

ಅವನು ತಿರುಗಲಿಲ್ಲ. "ಇದು ಕೆಲಸ ಮಾಡಿದ್ರ ನಾಳಿಂದ ನನಗ ಇಲ್ಲಿಗೆ ಬರಾಕ ನೆವ ಇರೂದಿಲ್ರಿ."

ನೀರು ಹೊಸ ಪೈಪಿನ ಬಾಯಿಗೆ ಬಂದಿತು. ತೆಳ್ಳನೆಯ ಪದರವೊಂದು ಒಳಗೆ ಜಾರಿತು. ಆದರೂ ಮಟ್ಟ ಏರುತ್ತಲೇ ಇತ್ತು. ತೊಟ್ಟಿಯ ಅಂಚಿಗೆ ಇನ್ನೊಂದೇ ಬೆರಳು. ಅವಳ ಕೈ ಹಿಡಿಕೆಯ ಮೇಲೆ ಬಿಗಿಯಾಯಿತು. ತೆಗೆದುಬಿಡಲೇ?

"ಬಂದ್ ಮಾಡ್ಲೇನು?"

"ನಿಮ್ಮ ಮರ್ಜಿ."

ಅವಳು ಮಾಡಲಿಲ್ಲ. ಕಣ್ಣು ಮುಚ್ಚಿಕೊಂಡಳು. ಒಳಗೆ ಸಿಕ್ಕಿದ್ದ ಗಾಳಿ ಹೊರಬಿದ್ದು ಪೈಪಿನಿಂದ ದೊಡ್ಡ ಗುಟುಕಿನ ಸದ್ದು ಬಂತು. ಕಣ್ಣು ತೆರೆದಾಗ ನೀರು ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವಳು ಮಣೆಯ ಮೇಲೆಯೇ ಕುಳಿತುಬಿಟ್ಟಳು. ಅವನು ಬಂದು ಎದುರಿಗೆ ಕುಳಿತ, ಮುಟ್ಟಲಿಲ್ಲ.

"ನೆವ ಬ್ಯಾಡ," ಎಂದಳು ಅವಳು ಸಣ್ಣಗೆ. "ಹಂಗ ಬರ್ರಿ. ಅಪ್ಪಗ ನಾ ಹೇಳ್ತೇನಿ."

ಹೇಳುವುದು ಗಾಜು ಕೊರೆದಂತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಮಸಿದ್ದಪ್ಪ ಶಿರೂರಿನ ಕುರುಬರ ಮನೆತನದವನು, ಮನೆದೇವರು ಬೀರಪ್ಪ. ರಾಚಪ್ಪ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವನು. ಮೇಲಾಗಿ ಆ ಎದೆ. ಡಾಕ್ಟರರ ಮಾತು ನೆನೆದು ಅವಳು ದಿನ ದೂಡಿದಳು. ಕೊನೆಗೊಂದು ಮಧ್ಯಾಹ್ನ, ಅಪ್ಪ ಮೀನಿನೆದುರು ಕುಳಿತಿದ್ದಾಗ, ಅವನ ಎದೆಯ ಗುಳಿಗೆಯ ಬಾಟಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಹೇಳಿಯೇಬಿಟ್ಟಳು.

ರಾಚಪ್ಪ ಎದೆ ಹಿಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಅವ ನಮ್ಮಾವಲ್ಲ ಎಂದಷ್ಟೇ ಅಂದು, ಒಳಗೆ ಹೋಗಿ ಅಂಗಿ ತೊಟ್ಟು, ಇಳಕಲ್ಲಿನ ತಂಗಿಯ ಮನೆಗೆ ಹೋಗುವುದಾಗಿ ಹೇಳಿ ಬಸ್ಸು ಹತ್ತಿದ. ಗುಳಿಗೆ ಅವಳ ಮುಷ್ಟಿಯಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಅವಳು ಹೆದರಿದಷ್ಟು ತೊಟ್ಟಿಗೂ ಹೆದರಿರಲಿಲ್ಲ. ಇಳಕಲ್ಲಿನಿಂದ ಹುನಗುಂದದ ಮೇಲೆ ಬರುವ ಪ್ರತಿ ಬಸ್ಸಿಗೂ ಬಾಗಿಲಿಗೆ ಬರುವಳು; ಅಪ್ಪ ಇಳಿಯುತ್ತಿರಲಿಲ್ಲ. ಯಾರಾದರೂ ಸೈಕಲ್ ನಿಲ್ಲಿಸಿದರೆ ಸಾವಿನ ಸುದ್ದಿಯೇ ಬಂತೆನ್ನಿಸುತ್ತಿತ್ತು. ವಿಷಯ ತಿಳಿದು ಬಂದ ಅಮಸಿದ್ದಪ್ಪ ಹೊಸ್ತಿಲ ಹೊರಗೇ ನಿಂತ. ತಾನು ಊರು ಬಿಟ್ಟರೆ ಅಪ್ಪ ಮನೆಗೆ ಬಂದಾನು, ಹೊರಟುಬಿಡುತ್ತೇನೆ ಎಂದ.

"ನೀವು ಹೋಗಬ್ಯಾಡ್ರಿ," ಎಂದಳು ಅವಳು. "ಅಪ್ಪನ ಸಲುವಾಗಿ ಅಂಜೂದ ಸಾಕಾಗೇತಿ. ನಿಮ್ಮ ಸಲುವಾಗಿನೂ ಅಂಜೂ ಶಕ್ತಿ ನನ್ನಾಗಿಲ್ಲ."

ಅವನಿನ್ನೂ ಅಲ್ಲೇ ನಿಂತಿದ್ದಾಗ ಎದುರಿನ ಬೇವಿನ ಮರದ ಕೆಳಗೆ ಬಸ್ಸು ನಿಂತಿತು. ರಾಚಪ್ಪ ಇಳಿದ. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು. ರಸ್ತೆ ದಾಟಿ ಬರುವಷ್ಟರಲ್ಲಿ ಅಮಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದ, ಬಸಲಿಂಗವ್ವ ಸರಿಯಲಿಲ್ಲ. ಮುದುಕ ಇಬ್ಬರನ್ನೂ ನೋಡಿದ. ಕಂಕುಳಲ್ಲಿದ್ದ ಕಾಗದದ ಪೊಟ್ಟಣ ತೆಗೆದು ಮಗಳ ಕೈಗೆ ಕೊಟ್ಟ.

"ಮದಿವಿ ಸೀರಿ. ನಿಮ್ಮತ್ತಿ ಆರಿಸ್ಯಾಳ. ಬಣ್ಣ ಬ್ಯಾಡಾದ್ರ ಬದಲಿ ಕೊಡ್ತಾರಂತ."

ಅವಳು ಪೊಟ್ಟಣವನ್ನು ಎದೆಗೊತ್ತಿಕೊಂಡಳು.

"ನನ್ನ ಮನಸ್ಸು ಇನ್ನೂ ಒಪ್ಪಿಲ್ಲ ಯವ್ವಾ," ಎಂದ ರಾಚಪ್ಪ, ಮಗಳ ಮುಖ ನೋಡದೆ. "ಖರೆ ಹೇಳ್ತೇನಿ. ಅದು ಒಪ್ಪೂ ತನಕಾ ನೀವು ಕಾಯಬ್ಯಾಡ್ರಿ."

ಚಪ್ಪಲಿ ಬಿಟ್ಟು ಅವನು ಒಳಗೆ ಹೋದ. ಪೊಟ್ಟಣದ ದಾರ ಬಿಚ್ಚಲು ಅವಳ ಬೆರಳುಗಳಿಗೆ ಆಗಲಿಲ್ಲ. ಅಮಸಿದ್ದಪ್ಪ ಬಿಚ್ಚಿದ. ಕಾಗದದೊಳಗಿಂದ ಕೆಂಪು ಸೆರಗು ಇಣುಕಿತು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಒಬ್ಬಿಬ್ಬರು ನಿಂತು ನೋಡಿದರು. ಬಸಲಿಂಗವ್ವನ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆ ಜನರೆಲ್ಲ ನೋಡುತ್ತಿರುವಂತೆಯೇ ಅವಳು ಅವನ ಕೈ ಹಿಡಿದುಕೊಂಡಳು.