ಕಪ್ಪು ಪರದೆ, ಅಗಲ ತಲೆ

ಗೊರಸು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು!

ಒಂದಂಗುಲ ಈಚೆ ಬಂದಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರಾದರೂ ಹೇಳಬೇಕಿತ್ತು.

ಪಶು ಆಸ್ಪತ್ರೆ. ಹೆರಿಗೆ ನೋವಿನಲ್ಲಿ ಒದೆಯುತ್ತಿರುವ ಹಸು. ಅದರ ಹಿಂದೆ, ಗೋಡೆಗೂ ಮೇಜಿಗೂ ನಡುವೆ, ಕಂಪ್ಯೂಟರ್ ರಿಪೇರಿಗೆ ಬಂದು ಕೇಬಲ್ ತಡಕುತ್ತಿರುವ ನಾನು. ಬೆಳಗಿನಿಂದ ಕರು ಹೊರಬಂದಿಲ್ಲ. ಸ್ಕ್ಯಾನ್ ತೋರಿಸಬೇಕಾದ ಮಾನಿಟರ್ ಕಪ್ಪು. ಅದರ ಮೇಲೆ ಮೂರೇ ಪದ...

ಔಟ್ ಆಫ್ ರೇಂಜ್.

"ಏನ್ ಮಾಡಿದ್ರಿ?" ಕಾಂಪೌಂಡರನ್ನು ಕೇಳಿದೆ.

"ರಿಫ್ರೆಶ್ ರೇಟ್, ಅದೇ ಸೆಕೆಂಡಿಗೆ ಎಷ್ಟು ಸಲ ಚಿತ್ರ ಮೂಡ್ಬೇಕು ಅನ್ನೋದು, ಅರವತ್ತಿತ್ತು. ಎಪ್ಪತ್ತೈದು ಮಾಡ್ದೆ. ಜಾಸ್ತಿ ಇದ್ರೆ ಒಳ್ಳೇದಲ್ವಾ?"

"ಈ ಮಾನಿಟರ್ ತಡ್ಕೊಳಲ್ಲ. ಸುಮ್ನಿದ್ದಿದ್ರೆ ಕಂಪ್ಯೂಟರಲ್ಲಿರೋ ಲಿನಕ್ಸ್ ಹದಿನೈದು ಸೆಕೆಂಡಲ್ಲಿ ತಾನೇ ಹಳೇದಕ್ಕೆ ಹೋಗ್ತಿತ್ತು."

"ಗಾಬರೀಲಿ ಎಂಟರ್ ಒತ್ಬಿಟ್ಟೆ..."

"ಅಂದ್ರೆ 'ಹೀಗೇ ಇರ್ಲಿ' ಅಂದ್ರಿ!"

ಬಾಗಿಲಲ್ಲಿ ಹಸುವಿನ ಒಡತಿ. ಕೈಯಲ್ಲಿ ಕೋಲು.

"ನನ್ ಹಸು ಹೋದ್ರೆ, ತಮ್ಮಾ, ನೀನೂ ಇಲ್ಲಿಂದ ನಡ್ಕೊಂಡು ಹೋಗಲ್ಲ."

"ಆಗ್ಲಿ, ಅಕ್ಕ."

ಕೇಬಲ್ ವಿಜಿಎ ಅನ್ನುವ ಕಿಂಡಿಯಲ್ಲಿತ್ತು; ಕಮಾಂಡಿಗೆ ಆ ಹೆಸರೇ ಬೇಕಿತ್ತು. ಕಾಣದ ಪರದೆಯಲ್ಲೇ ಟರ್ಮಿನಲ್ ತೆರೆದು ಕಮಾಂಡ್ ಟೈಪ್ ಮಾಡಿದೆ. 1024x768, ರೇಟ್ ಅರವತ್ತು... ಎಂಟರ್!

ಬೆಳಕು.

ಡಾಕ್ಟರು ಪರದೆಯಲ್ಲಿ ಮೂಡಿದ ಕರುವಿನ ತಲೆಗೆ ಸ್ಕೇಲು ಹಿಡಿದರು. ಮುಖ ಬಿಗಿಯಿತು.

"ಕರು ತಲೆ ತುಂಬಾ ಅಗಲ ಕಣ್ರೀ. ದಾರೀಲಿ ಬರಲ್ಲ. ಹೊಟ್ಟೆ ಕೊಯ್ಯಬೇಕು."

"ಕೊಯ್ದ್ರೆ ಉಳಿಯತ್ತಾ?" ಅಕ್ಕ ಕೇಳಿದಳು.

ಡಾಕ್ಟರು ಬ್ಲೇಡ್ ತೆಗೆದರು. ಅಕ್ಕನ ಕೈಯಿಂದ ಕೋಲು ಜಾರಿತು.

ಪರದೆಯ ಮೂಲೆಯಲ್ಲಿದ್ದ ಗುಂಡು ಗಡಿಯಾರದತ್ತ ನನ್ನ ಕಣ್ಣು ಹೋಯಿತು. ಅದು ಅಡ್ಡ ಮಲಗಿದ ಮೊಟ್ಟೆಯಂತಿತ್ತು.

"ನಿಲ್ಲಿ ಡಾಕ್ಟ್ರೇ! ಹಿಗ್ಗಿರೋದು ತಲೆ ಅಲ್ಲ, ಚಿತ್ರ!"

"ಅಂದ್ರೆ?"

"ಮೊದ್ಲು ಏನಾದ್ರೂ ಕಾಣ್ಲಿ ಅಂತ ಸಣ್ಣ, ಅಗಲ ಕಮ್ಮಿ ಇರೋ ರೆಸಲ್ಯೂಷನ್ ಕೊಟ್ಟೆ. ಮಾನಿಟರ್ ಅಗಲದ್ದು, ಚಿತ್ರಾನ ಅಡ್ಡಕ್ಕೆ ಎಳೆದು ತುಂಬಿಸ್ಕೊಂಡಿದೆ. ತಪ್ಪು ನಂದು."

1920x1080. ರೇಟ್ ಅರವತ್ತು. ಎಂಟರ್.

ಗಡಿಯಾರ ಗುಂಡಾಯಿತು. ಡಾಕ್ಟರು ಮತ್ತೆ ಸ್ಕೇಲು ಹಿಡಿದರು. ಬ್ಲೇಡನ್ನು ತಟ್ಟೆಗೆ ಹಾಕಿದರು.

"ಹಗ್ಗ ತನ್ನಿ."

ಎಲ್ಲರೂ ಸೇರಿ ಎಳೆದೆವು. ಹಸು ಇನ್ನೆರಡು ಸಲ ಒದೆಯಿತು. ಎರಡೂ ನನಗೇ ಬಿದ್ದವು. ಕೊನೆಗೆ ಕರು ಹುಲ್ಲಿನ ಮೇಲೆ ಜಾರಿಬಿತ್ತು... ಉಸಿರಾಡಿತು!

ಅಕ್ಕ ಸೆರಗಿನಿಂದ ಅದರ ಮೂಗು ಒರೆಸಿದಳು. ಹಸು ತಿರುಗಿ ಕರುವನ್ನು ನೆಕ್ಕತೊಡಗಿತು. ಈಗ ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ.

ಅರ್ಧ ಗಂಟೆಯಲ್ಲಿ ಕರು ಎದ್ದಿತು. ತೂರಾಡುತ್ತ ಬಂದು ನನ್ನ ಮೊಣಕಾಲಿಗೆ ಗುದ್ದಿತು.

ತಲೆ ಅಗಲವೇನಲ್ಲ... ಗಟ್ಟಿ ಮಾತ್ರ ಇದೆ!